ಬೆಂಗಳೂರು–ಮಂಗಳೂರು 25 ನಿಮಿಷದ ದಾರಿಯಲ್ಲ

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ 25 ನಿಮಿಷ ಸಾಕು ಅಂತ ಲೇಖನದಲ್ಲಿ ಬರೆದಿದ್ದೀರಿ. ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 306 ಕಿ.ಮೀ. ಅನ್ನೋದು ಸರಿ. ಅದನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದ್ದೀರಿ, ಅಲ್ವಾ? ಇಷ್ಟು ಹತ್ತಿರದ ಊರಿಗೆ ವಿಮಾನ ಆ ವೇಗದಲ್ಲಿ ಹಾರುವುದೇ ಸ್ವಲ್ಪ ಹೊತ್ತು. ಮೇಲೇರಿ ಮುಗಿಯುವಷ್ಟರಲ್ಲಿ ಇಳಿಯಲು ಶುರು. ಎಟಿಆರ್ (ಪ್ರೊಪೆಲ್ಲರ್ ಇರುವ ಚಿಕ್ಕ ವಿಮಾನ) ಆದರೆ ಅದರ ವೇಗವೇ ಗಂಟೆಗೆ 500 ಕಿ.ಮೀ. ಆಸುಪಾಸು. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಹಾಕುವುದು ಸುಮ್ನೆ ಅಲ್ಲ. ಅದು ಇಲ್ಲಿ ಹೊರಟ ಜಾಗದಿಂದ ಅಲ್ಲಿ ನಿಲ್ಲುವವರೆಗಿನ ಲೆಕ್ಕ. ದೇವನಹಳ್ಳಿಯ ರನ್‌ವೇ ಹತ್ತಿರ ಸರದಿಗೆ ಕಾಯುವ ಹೊತ್ತೂ ಅದರಲ್ಲೇ ಬರುತ್ತದೆ.

ಮಳೆಗಾಲದ ಮಾತೇ ನಿಮ್ಮ ಲೇಖನದಲ್ಲಿಲ್ಲ. ಮಂಗಳೂರು ನಿಲ್ದಾಣವಿರುವ ಬಜ್ಪೆಯ ರನ್‌ವೇ ಗುಡ್ಡದ ತಲೆಯ ಮೇಲಿದೆ, ಸುತ್ತ ಕಣಿವೆ. ಒಂದು ಜುಲೈಯಲ್ಲಿ ನಾವು ಹೋಗುತ್ತಿದ್ದಾಗ ಕಿಟಕಿಯಲ್ಲಿ ತೆಂಗಿನ ತೋಟ, ಕೆಂಪು ಮಣ್ಣು ಒಮ್ಮೆ ಕಂಡಿತು. ಮರುಕ್ಷಣ ಬರೀ ಬಿಳಿ. ಇಂಜಿನ್ ಜೋರಾಗಿ ಸದ್ದು ಮಾಡಿ ವಿಮಾನ ಮತ್ತೆ ಮೇಲೇರಿತು. ಸುತ್ತು ಹೊಡೆದು ಕೊನೆಗೆ ವಾಪಸ್ ಬೆಂಗಳೂರಿಗೇ ಬಂತು. ಪೈಲಟ್ ಮಾಡಿದ್ದು ನೂರಕ್ಕೆ ನೂರು ಸರಿ.

ಶಿರಾಡಿ ಘಾಟಿ ದಾರಿಯಾಗಿ ಮಂಗಳೂರಿಗೆ ಹೋಗಲು ಬಸ್ಸಿಗೆ 7–8 ಗಂಟೆ ಬೇಕು, ಹಾಗಾಗಿ ವಿಮಾನವೇ ಬೇಗ, ಒಪ್ಪುತ್ತೇನೆ. ಆದರೆ ಕೆಂಗೇರಿ ಕಡೆಯವರಿಗೆ ಸಂಜೆ ಟ್ರಾಫಿಕ್‌ನಲ್ಲಿ ದೇವನಹಳ್ಳಿ ಮುಟ್ಟುವುದಕ್ಕೇ ಹಾರಾಟಕ್ಕಿಂತ ಜಾಸ್ತಿ ಹೊತ್ತು ಬೇಕು. ದಯವಿಟ್ಟು ಆ 25 ನಿಮಿಷ ತಿದ್ದಿ. ಅದನ್ನು ನಂಬಿ ಆಸ್ಪತ್ರೆ, ಇಂಟರ್‌ವ್ಯೂ ಅಂತ ಸಮಯ ಇಟ್ಟುಕೊಳ್ಳುವವರು ಇರುತ್ತಾರೆ.