"ನೋಡಲ್ಲ ಅಂತ ಹೇಗೆ ಹೇಳೋದು, ಟೀಚರ್?"

ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಇದೆ. ಅದರ ಕೊನೆಗೆ ಕೆಲವೇ ಸಾಲುಗಳಲ್ಲಿ ಗೊನೊರಿಯಾ, ಸಿಫಿಲಿಸ್, ಎಚ್‌ಐವಿ-ಏಡ್ಸ್, ಕಾಂಡೋಮ್ ಎಲ್ಲ ಬಂದು ಹೋಗುತ್ತವೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥ ಪುಟ ಬಂದರೆ "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಅಂತ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ನನ್ನ ಟೀಚರ್ ನನಗೆ ಹಾಗೇ ಮಾಡಿದ್ದರು. ಅದು ತಪ್ಪು ಅಂತ ಅರ್ಥವಾಗಲು ನನಗೆ ಕೆಲವು ವರ್ಷ ಬೇಕಾಯಿತು. ಆ ವರ್ಷಗಳಲ್ಲಿ ನನ್ನ ಕ್ಲಾಸಿನಿಂದ ಹೊರಗೆ ಹೋದ ಮಕ್ಕಳ ಮುಖ ಈಗಲೂ ನೆನಪಾಗುತ್ತದೆ.

ನಾನು ಕಲಿಸುವುದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಎಚ್‌ಐವಿ ನಮ್ಮ ಭಾಗಕ್ಕೆ ಪೇಪರಿನ ಸುದ್ದಿ ಅಲ್ಲ. 2000ದ ಆಸುಪಾಸಿನಲ್ಲಿ ಇಲ್ಲಿ ಮನೆಮನೆಯಲ್ಲಿ ಸಾವು ಕಂಡವರಿದ್ದಾರೆ. ಯಾವ ರೋಗ ಅಂತ ಹೇಳದೆ "ಟಿಬಿ ಆಗಿತ್ತು", "ಕಾಮಾಲೆ ಆಗಿತ್ತು" ಎಂದು ಮಣ್ಣು ಮಾಡಿದರು. ಈಗ ಮಾತ್ರೆ ಉಚಿತವಾಗಿ ಸಿಗುತ್ತದೆ, ಜನ ಬದುಕುತ್ತಿದ್ದಾರೆ. ಆದರೆ ದೇಶದಲ್ಲಿ ಅತಿ ಹೆಚ್ಚು ಎಚ್‌ಐವಿ ಸೋಂಕಿತರಿರುವ ರಾಜ್ಯಗಳ ಸಾಲಿನಲ್ಲಿ ಮಹಾರಾಷ್ಟ್ರ, ಆಂಧ್ರದ ಜೊತೆ ಕರ್ನಾಟಕ ಇನ್ನೂ ಇದೆ.

ಮೊದಮೊದಲು ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಡಿಸೆಂಬರ್ 1 ಬಂತು ಅಂದರೆ ಜಾಥಾ. ಮಕ್ಕಳ ಕೈಯಲ್ಲಿ ಬೋರ್ಡು, ಬಾಯಲ್ಲಿ ಘೋಷಣೆ, ಎದೆಗೆ ಕೆಂಪು ರಿಬ್ಬನ್. ಊರ ಅಗಸಿಯವರೆಗೆ ಹೋಗಿ ಬಂದರೆ ಮುಗಿಯಿತು. ಒಂದು ವರ್ಷ ಪೋಸ್ಟರಿನ ಸ್ಪರ್ಧೆ ಇಟ್ಟೆವು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ತಲೆಬುರುಡೆ ಬರೆದಿದ್ದರು, ಕೆಳಗೆ "ಏಡ್ಸ್ ಎಂಬ ಮಾರಿ" ಅಂತ. ಅದನ್ನೆಲ್ಲ ಗೋಡೆಗೆ ಅಂಟಿಸಿದೆ.

ಅದೇ ಕ್ಲಾಸಿನಲ್ಲಿ ದಿನವೂ ಆ ಮಾತ್ರೆ ತಿನ್ನುವ ಮಗು ಕೂತಿದ್ದರೆ? ಅಥವಾ ಅಂಥ ತಾಯಿಯ ಮಗು? ಈ ಯೋಚನೆ ಆ ದಿನ ನನಗೆ ಬರಲೇ ಇಲ್ಲ. ನಮ್ಮಂಥ ಜಿಲ್ಲೆಯಲ್ಲಿ ಯಾವ ಕ್ಲಾಸಿನಲ್ಲಾದರೂ ಅಂಥ ಮಗು ಇರಬಹುದು, ಯಾರು ಅಂತ ನಮಗೆ ಗೊತ್ತಾಗುವುದೂ ಇಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಸೋಂಕಿರುವ ಮಗುವನ್ನು ಶಾಲೆಯಲ್ಲಿ ಬೇರೆಯಾಗಿ ಕಾಣಬಾರದು, ಒಪ್ಪಿಗೆ ಇಲ್ಲದೆ ಅದರ ವಿಷಯ ಹೊರಗೆ ಹಾಕಬಾರದು ಅಂತ 2017ರ ಎಚ್‌ಐವಿ-ಏಡ್ಸ್ ಕಾಯ್ದೆಯೇ ಹೇಳುತ್ತದೆ. ತಲೆಬುರುಡೆ ನೋಡಿ ಆ ಮಗು ಮನೆಗೆ ಹೋಗಿ ಏನು ಯೋಚಿಸಿರಬಹುದು? ಹೆದರಿಸಿ ಕಲಿಸುವುದನ್ನು ನಾನು ಬಿಟ್ಟಿದ್ದು ಅದಕ್ಕೇ.

ಆಮೇಲೆ ಒಂದು ಪ್ರಶ್ನೆ ಪೆಟ್ಟಿಗೆ ಇಟ್ಟೆ. ಶೂ ಡಬ್ಬಿಗೆ ಮೇಲೆ ಒಂದು ಸೀಳು, ಅಷ್ಟೇ. ಹೆಸರು ಬರೆಯಬೇಡಿ, ಅಕ್ಷರ ಗೊತ್ತಾಗುತ್ತೆ ಅನಿಸಿದರೆ ಎಡಗೈಯಲ್ಲಿ ಬರೆಯಿರಿ ಅಂದೆ. ಮೊದಲ ವಾರ ಬಂದಿದ್ದು ಮೂರೇ ಚೀಟಿ. ಮೂರನೇ ವಾರಕ್ಕೆ ಡಬ್ಬಿ ತುಂಬಿತು.

ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುತ್ತಾ? ಬರಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ? ಬರಲ್ಲ. ಜಾತ್ರೆಯಲ್ಲಿ ಎಲ್ಲರಿಗೂ ಒಂದೇ ಸೂಜಿಯಲ್ಲಿ ಹಚ್ಚೆ ಹಾಕ್ತಾರಲ್ಲ, ಅದರಿಂದ? ಇದು ಬಹಳ ಒಳ್ಳೆಯ ಪ್ರಶ್ನೆ. ರಕ್ತ ತಾಗಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚಿದರೆ ಅಪಾಯ ಇದೆ, ಹೊಸ ಸೂಜಿಯನ್ನೇ ಕೇಳಬೇಕು. ಮಾತ್ರೆ ತಗೊಂಡರೆ ವಾಸಿ ಆಗುತ್ತಾ? ಪೂರ್ತಿ ವಾಸಿ ಆಗಲ್ಲ. ಆದರೆ ದಿನವೂ ತಪ್ಪದೆ ತಗೊಂಡು, ರಕ್ತದ ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿ, ಹಾಗೇ ಉಳಿದರೆ ಅವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಹರಡಲ್ಲ. ಇದನ್ನು ಹೇಳಿದಾಗ ಇಡೀ ಕ್ಲಾಸು ಸುಮ್ಮನಾಗಿತ್ತು. ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ.

ಆಮೇಲೆ ಈ ಚೀಟಿ ಬಂತು. "ಗೆಳೆಯರು ಮೊಬೈಲಲ್ಲಿ ಕೆಟ್ಟ ವಿಡಿಯೋ ತೋರಿಸ್ತಾರೆ. ನೋಡಲ್ಲ ಅಂದ್ರೆ ನೀ ಗಂಡಸಲ್ಲ ಅಂತ ನಗ್ತಾರೆ. ನೋಡಲ್ಲ ಅಂತ ಹೇಗೆ ಹೇಳೋದು, ಟೀಚರ್?"

ಆ ಚೀಟಿ ನನ್ನ ಬಳಿ ಈಗಲೂ ಇದೆ. ಈ ಹುಡುಗನಿಗೆ ಬೇಕಾಗಿದ್ದು ಮಾಹಿತಿ ಅಲ್ಲ. ನೋಡಬಾರದು ಅಂತ ಅವನಿಗೆ ಮೊದಲೇ ಅನಿಸಿದೆ. ಬಾಯಲ್ಲಿ ಆಡಲು ಒಂದು ಮಾತು ಬೇಕು, ಅದನ್ನು ಆಡಿಯೂ ಗೆಳೆಯರ ಗುಂಪಿನಲ್ಲಿ ಉಳಿಯಬೇಕು. ಜೀವನ ಕೌಶಲ ಅಂತ ನಾವು ಕರೆಯುವುದು ಇದನ್ನೇ. ವಿಶ್ವ ಆರೋಗ್ಯ ಸಂಸ್ಥೆ ಇಂಥ 10 ಕೌಶಲ ಪಟ್ಟಿ ಮಾಡಿದೆ, ತರಬೇತಿಯಲ್ಲಿ ನಮಗೆ ಅದನ್ನು ಬಾಯಿಪಾಠ ಮಾಡಿಸುತ್ತಾರೆ. ಆದರೆ ಪಟ್ಟಿ ಓದಿ ಯಾರೂ ಈಜು ಕಲಿಯಲ್ಲ, ನೀರಿಗೆ ಇಳಿಯಬೇಕು. ಹಾಗೇ ಬೇಡ ಎನ್ನುವುದನ್ನೂ ಬಾಯಿಬಿಟ್ಟು ಅಭ್ಯಾಸ ಮಾಡಬೇಕು.

ಮಾಡಿದೆವು. ಇಬ್ಬರು ಒತ್ತಾಯ ಮಾಡುವವರು, ಒಬ್ಬ ಬೇಡ ಎನ್ನುವವನು. ಮೊದಲ ದಿನ ಬರೀ ನಗು. ಎರಡನೇ ವಾರ ಮಕ್ಕಳೇ ಮಾತು ಹುಡುಕತೊಡಗಿದರು. "ಮನ್ಯಾಗ ಅಕ್ಕ ಫೋನ್ ಚೆಕ್ ಮಾಡ್ತಾಳಲೇ, ಬ್ಯಾಡ" ಅಂದ ಒಬ್ಬ. "ನಡೀರಿ, ಕಬಡ್ಡಿ ಆಡೂಣು" ಅಂತ ಎದ್ದು ನಡೆದ ಇನ್ನೊಬ್ಬ. ಖಂಡತುಂಡವಾಗಿ ಹೇಳಿ ಅಂತ ನಾನು ಕಲಿಸಲು ಹೋಗಿದ್ದೆ. ನೆಪ ಹೇಳಿ ಜಾರಿಕೊಳ್ಳುವುದು ಹದಿನೈದರ ವಯಸ್ಸಿಗೆ ಎಷ್ಟೋ ಸಲ ಹೆಚ್ಚು ಕೆಲಸ ಮಾಡುತ್ತದೆ ಅಂತ ಅವರು ನನಗೆ ಕಲಿಸಿದರು. ಅವತ್ತಿನಿಂದ ನಾಟಕದ ಮಾತನ್ನು ನಾನು ಬರೆಯುವುದು ಬಿಟ್ಟೆ, ಅವರೇ ಬರೆಯುತ್ತಾರೆ.

ಆ ವರ್ಷ ಗಲಾಟೆಯೂ ಆಯಿತು. ಕೆಲವು ಪೋಷಕರು ಬಂದು "ಇವೆಲ್ಲ ಕಲಿಸಿ ಮಕ್ಕಳನ್ನ ಕೆಡಸ್ತೀರಿ" ಅಂದರು. ಪೆಟ್ಟಿಗೆ ಮೂರು ತಿಂಗಳು ಬೀರುವಿನಲ್ಲಿ ಕೂತಿತು. ಅವರ ಭಯ ನನಗೆ ಹೊಸದಲ್ಲ. 2007ರಲ್ಲಿ ಹಲವು ರಾಜ್ಯಗಳು ಹದಿಹರೆಯದ ಶಿಕ್ಷಣದ ಪುಸ್ತಕ, ಚಿತ್ರಗಳನ್ನು ಬೇಡ ಅಂದಾಗ ನಮ್ಮ ರಾಜ್ಯವೂ ಅದರಲ್ಲಿತ್ತು. ಕೆಲವು ಚಿತ್ರಗಳ ಬಗ್ಗೆ ತಕರಾರು ಇದ್ದಿದ್ದು ಒಪ್ಪುವ ಮಾತೇ. ಆದರೆ ಚಿತ್ರ ತಿದ್ದುವ ಬದಲು ಮಾತನ್ನೇ ನಿಲ್ಲಿಸಿದೆವು. ಹೀಗೆ ಕಲಿಸಿದರೆ ಮಕ್ಕಳು ಬೇಗ ದಾರಿ ತಪ್ಪುತ್ತಾರೆ ಅನ್ನುವುದಕ್ಕೆ ಆಧಾರ ಇಲ್ಲ ಅಂತ ಯುನೆಸ್ಕೋ ಹಲವು ದೇಶಗಳ ಅಧ್ಯಯನಗಳನ್ನು ನೋಡಿ ಹೇಳಿದೆ. ನಾವು ಸುಮ್ಮನಿದ್ದ ಪರಿಣಾಮ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 21.6, ಗಂಡಸರಲ್ಲಿ ಶೇ 30.7 ಮಂದಿಗೆ ಮಾತ್ರ ಎಚ್‌ಐವಿ ಬಗ್ಗೆ ಸರಿಯಾದ, ಪೂರ್ಣ ತಿಳಿವಳಿಕೆ ಇತ್ತು. ಹೆಸರು ಬಹಳ ಜನರಿಗೆ ಗೊತ್ತು, ವಿಷಯ ಗೊತ್ತಿಲ್ಲ.

ಪೆಟ್ಟಿಗೆ ವಾಪಸ್ ಬಂದಿದ್ದು ಒಬ್ಬ ತಾಯಿಯಿಂದ. ಪೋಷಕರ ಸಭೆಯಲ್ಲಿ ಎದ್ದು ನಿಂತು ಹೇಳಿದರು. "ಅಕ್ಕೋರ, ನಮಗ ಯಾರೂ ಹೇಳಲಿಲ್ಲರಿ. ಇವಕ್ಕರ ಹೇಳ್ರಿ." ಅಷ್ಟೇ ಹೇಳಿ ಕೂತರು. ಸಭೆಯಲ್ಲಿ ಮತ್ತೆ ಯಾರೂ ಬೇಡ ಅನ್ನಲಿಲ್ಲ.

ಕೀನ್ಯಾದ ಒಂದು ಅಧ್ಯಯನ ನನ್ನ ಕಣ್ಣು ತೆರೆಸಿತು. ಪಾಸ್ಕಲಿನ್ ದ್ಯುಪಾ ಎನ್ನುವ ಅರ್ಥಶಾಸ್ತ್ರಜ್ಞೆ ಮಾಡಿದ್ದು, 2011ರಲ್ಲಿ ಪ್ರಕಟವಾಯಿತು. ಅಲ್ಲಿಯ ಶಾಲೆಯ ಪಾಠ ಮದುವೆಯವರೆಗೆ ದೂರ ಇರಿ ಅಂತ ಮಾತ್ರ ಹೇಳುತ್ತಿತ್ತು. ಅದಕ್ಕೆ ಶಿಕ್ಷಕರಿಗೆ ತರಬೇತಿ ಕೊಟ್ಟರೂ ಹುಡುಗಿಯರು ಚಿಕ್ಕ ವಯಸ್ಸಿನಲ್ಲಿ ಬಸುರಾಗುವುದು ಕಡಿಮೆ ಆಗಲಿಲ್ಲ. ಇನ್ನು ಕೆಲವು ಶಾಲೆಗಳಲ್ಲಿ 40 ನಿಮಿಷದ ಒಂದೇ ಒಂದು ತರಗತಿ ಮಾಡಿದರು. ಯಾವ ವಯಸ್ಸಿನ ಗಂಡಸರಲ್ಲಿ ಎಚ್‌ಐವಿ ಎಷ್ಟಿದೆ ಅಂತ ಬೋರ್ಡಿನ ಮೇಲೆ ಲೆಕ್ಕ ಬರೆದರು. ಓರಗೆಯ ಹುಡುಗರಿಗಿಂತ ಉಡುಗೊರೆ ಕೊಡುವ ದೊಡ್ಡ ವಯಸ್ಸಿನವರಿಂದಲೇ ಅಪಾಯ ಜಾಸ್ತಿ ಅಂತ ಹುಡುಗಿಯರಿಗೆ ಅರ್ಥವಾಯಿತು. ಆ ಶಾಲೆಗಳಲ್ಲಿ ಹುಡುಗಿಯರಿಗೆ ಮಕ್ಕಳಾಗುವುದು ಶೇ 28ರಷ್ಟು ಇಳಿಯಿತು.

ಕೀನ್ಯಾದ ಲೆಕ್ಕ ನಮಗೆ ಹೊಂದಲ್ಲ. ಆದರೆ ನಮ್ಮ ಮಕ್ಕಳಿಗೂ ನಮ್ಮ ಊರಿನ ಅಪಾಯವನ್ನೇ ಬಿಡಿಸಿ ಹೇಳಬೇಕು ಅಲ್ವಾ? ನಮ್ಮ ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಿ ಗೋವಾಕ್ಕೆ, ಪುಣೆಗೆ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ. ಕೆಲವರು ಕಬ್ಬಿನ ಗ್ಯಾಂಗಿಗೆ, ಕೆಲವರು ಲಾರಿಗೆ. ಹದಿನಾರರಲ್ಲಿ ಕೈಗೆ ಕಾಸು, ಪಕ್ಕದಲ್ಲಿ ದೊಡ್ಡವರು, ಬಾಡಿಗೆ ಖೋಲಿ. ಅಲ್ಲಿ ಅವರಿಗೆ ಕ್ಲಾಸು ಇಲ್ಲ, ಪೆಟ್ಟಿಗೆ ಇಲ್ಲ. ಎಚ್‌ಐವಿ ಬಗ್ಗೆ ತಿಳಿಸುವ ಕಾಲೇಜಿನ ರೆಡ್ ರಿಬ್ಬನ್ ಕ್ಲಬ್ಬು ಒಳ್ಳೆಯದೇ, ಆದರೆ ಕಾಲೇಜಿಗೆ ಹೋಗದವನಿಗೆ ಅದು ಸಿಗುವುದಿಲ್ಲ. ಎಂಟರಿಂದ ಹತ್ತನೇ ಕ್ಲಾಸು, ನಮ್ಮ ಕೈಲಿರುವುದು ಅಷ್ಟೇ.

ಹುಡುಗಿಯರ ವಿಷಯದಲ್ಲಿ ನಾನು ಇನ್ನೂ ಸೋಲುತ್ತಿದ್ದೇನೆ. ಕ್ಲಾಸಿನಲ್ಲಿ ಗಟ್ಟಿಯಾಗಿ "ಬ್ಯಾಡ" ಅನ್ನಲು ಕಲಿತವಳನ್ನು ಒಂಬತ್ತನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಮದುವೆ ಮಾಡಿಬಿಟ್ಟರು. ವರ ಅವಳಿಗಿಂತ ಹನ್ನೆರಡು ವರ್ಷ ದೊಡ್ಡವನು. ಅವಳು ಮನೆಯಲ್ಲೂ ಬೇಡ ಅಂದಿದ್ದಳಂತೆ. ಕೇಳುವವರು ಇಲ್ಲದಿದ್ದರೆ ಯಾವ ಕೌಶಲ ಏನು ಮಾಡೀತು? ಹಾಗಾಗಿ ಈಗ ನಮ್ಮ ಪಾಠದಲ್ಲಿ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಆ ನಂಬರಿಗೆ ಫೋನ್ ಮಾಡಿ ಏನು ಹೇಳಬೇಕು ಅನ್ನುವುದನ್ನೂ ಅಭ್ಯಾಸ ಮಾಡಿಸುತ್ತೇವೆ. ಹುಡುಗಿಯನ್ನು ಶಾಲೆಯಲ್ಲಿ ಉಳಿಸುವುದೇ ಎಚ್‌ಐವಿ ತಡೆಯುವ ಕೆಲಸ ಅಂತ ನಾನು ಈಗ ನಂಬಿದ್ದೇನೆ.

2020ರಲ್ಲಿ ಆಯುಷ್ಮಾನ್ ಭಾರತದಡಿ ಶಾಲಾ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ ತರಬೇತಿ, ಆದಷ್ಟು ಒಬ್ಬರು ಗಂಡು, ಒಬ್ಬರು ಹೆಣ್ಣು. 11 ವಿಷಯಗಳಲ್ಲಿ ಎಚ್‌ಐವಿ ತಡೆಯುವುದೂ ಇದೆ. ಕಾಗದದ ಮೇಲೆ ವಾರಕ್ಕೊಂದು ತರಗತಿ. ಫೆಬ್ರವರಿ ಬಂದರೆ ಆ ತರಗತಿಯಲ್ಲಿ ಗಣಿತದ ಪ್ರಶ್ನೆಪತ್ರಿಕೆ ಬಿಡಿಸುತ್ತೇವೆ. ರಿಸಲ್ಟಿನ ಒತ್ತಡ ನನಗೂ ಇದೆ, ಗೊತ್ತು. ಆದರೂ ಆ ಒಂದು ಗಂಟೆಯನ್ನು ಬಿಟ್ಟುಕೊಡಬೇಡಿ ಅಂತ ಶಿಕ್ಷಕ ಗೆಳೆಯರನ್ನು ಕೈಮುಗಿದು ಕೇಳುತ್ತೇನೆ.

ಪೋಷಕರು ಯಾರಾದರೂ ಇದನ್ನು ಓದುತ್ತಿದ್ದರೆ, ಶಾಲೆಯ ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ಮಾತು ಕೇಳಿ. "ನಮ್ಮ ಶಾಲೆಯಲ್ಲಿ ಆ ಇಬ್ಬರು ಶಿಕ್ಷಕರು ಯಾರು? ಅವರ ತರಗತಿ ಯಾವ ದಿನ?" ಮಕ್ಕಳಿಗೆ ಎಚ್‌ಐವಿ ಸಹಾಯವಾಣಿ 1097 ಗೊತ್ತಿರಲಿ, ಅದು ಉಚಿತ. ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಹದಿಹರೆಯದವರಿಗೆಂದೇ ಇರುವುದು, ಅದನ್ನೂ ತೋರಿಸಿ. ನಮ್ಮ ಪೆಟ್ಟಿಗೆ ಈಗ ಬೀರುವಿನಲ್ಲಿಲ್ಲ, ನೀರಿನ ಟ್ಯಾಂಕಿನ ಪಕ್ಕದ ಕಿಟಕಿಯಲ್ಲಿದೆ. ಅಲ್ಲಿ ನಿಂತವರು ನೀರು ಕುಡಿಯಲು ಬಂದರೋ ಚೀಟಿ ಹಾಕಲು ಬಂದರೋ ಯಾರಿಗೂ ಗೊತ್ತಾಗುವುದಿಲ್ಲ. ಆ ಜಾಗ ಆರಿಸಿದ್ದೂ ಮಕ್ಕಳೇ.