ತಟ್ಟೆಗಳು ರಾಜಧಾನಿಗೇ ಏಕೆ ಹೋಗುತ್ತವೆ?

ಕ್ಯಾತಸಂದ್ರದ ಹೋಟೆಲೊಂದರಲ್ಲಿ ಬೆಳಗಿನ ಏಳು ಗಂಟೆಗೆ ತಟ್ಟೆ ಇಡ್ಲಿಗಾಗಿ ಕಾದು ನಿಂತಿದ್ದೆ. ಎಡಗೈಯ ಮೇಲೆ ನಾಲ್ಕು ತಟ್ಟೆಗಳನ್ನು ಪೇರಿಸಿಕೊಂಡ ಮಾಣಿ ಹಬೆಯ ನಡುವಿನಿಂದ ತೇಲಿ ಬರುವ ಹೊತ್ತಿಗೇ, ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು "ಅಮೆರಿಕದವರಿಗೆ ಮತ್ತೆ ಹಾರುವ ತಟ್ಟೆ ಕಾಣಿಸಿದೆಯಂತೆ" ಎಂದರು. ಅವರ ಕಣ್ಣು ಪತ್ರಿಕೆಯ ಮೇಲಿತ್ತು, ನನ್ನದು ಮಾಣಿಯ ಕೈಯ ಮೇಲೆ. "ಅವು ಹೋದರೆ ರಾಜಧಾನಿಗೇ ಹೋಗುತ್ತವೆ ನೋಡಿ, ತುಮಕೂರಿಗೆ ಒಂದೂ ಬರುವುದಿಲ್ಲ" ಎಂದು ಅವರು ಸೇರಿಸಿದರು. ದೊಡ್ಡ ಆಸ್ಪತ್ರೆ, ವಿಮಾನ ನಿಲ್ದಾಣ, ಮಕ್ಕಳ ಕೆಲಸ ಎಲ್ಲವನ್ನೂ ಎಪ್ಪತ್ತು ಕಿಲೋಮೀಟರ್ ಆಚೆಯ ಬೆಂಗಳೂರಿಗೆ ಬಿಟ್ಟುಕೊಟ್ಟ ಊರಿನವರ ಹಳೆಯ ಅಸಮಾಧಾನ ಆ ಮಾತಿನಲ್ಲಿತ್ತು.

ಈ ತಟ್ಟೆಯೆಂಬ ಹೆಸರೇ ಒಂದು ತಪ್ಪುಗ್ರಹಿಕೆಯ ಕೂಸು. 1947ರ ಜೂನ್ 24ರಂದು ಕೆನೆತ್ ಆರ್ನಾಲ್ಡ್ ಎಂಬ ಅಮೆರಿಕನ್ ವಿಮಾನ ಚಾಲಕ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡು, ಅವು ನೀರಿನ ಮೇಲೆ ಎಸೆದ ಸಾಸರಿನಂತೆ ಕುಪ್ಪಳಿಸುತ್ತ ಹೋದವೆಂದು ವರ್ಣಿಸಿದ. ಅಮಾನಿಕೆರೆಯಲ್ಲಿ ಹೆಂಚಿನ ಚೂರು ಎಸೆದು ಅದನ್ನು ಕಪ್ಪೆಯಂತೆ ಜಿಗಿಸಿದ ಯಾವ ಹುಡುಗನಿಗಾದರೂ ಅವನು ಹೇಳಿದ್ದು ಚಲನೆಯ ಮಾತು, ಆಕಾರದ ಮಾತಲ್ಲ ಎಂಬುದು ಅರ್ಥವಾಗುತ್ತಿತ್ತು. ಪತ್ರಿಕೆಗಳು ಮಾತ್ರ ಅದನ್ನು ಆಕಾರವೆಂದೇ ಹಿಡಿದವು. ಆಮೇಲೆ ಜನರಿಗೆ ಆಕಾಶದಲ್ಲಿ ದುಂಡನೆಯ ವಸ್ತುಗಳೇ ಕಾಣತೊಡಗಿದವು. ಸಾಸರಿಗೆ ನಮ್ಮಲ್ಲಿ ಬಸಿ ಎಂಬ ಮಾತಿದ್ದರೂ ಕನ್ನಡಕ್ಕೆ ಬರುವಾಗ ಅದು ತಟ್ಟೆಯಾಗಿ ಹಿಗ್ಗಿತು. ಹಾರುವ ಬಸಿ ಎಂದಿದ್ದರೆ ಯಾರೂ ಹೆದರುತ್ತಿರಲಿಲ್ಲ, ಚಹಾ ಚೆಲ್ಲೀತೆಂಬ ಭಯವೊಂದನ್ನು ಬಿಟ್ಟು.

ರಾಜಧಾನಿಯ ಮೇಲಿನ ತಟ್ಟೆಗಳಲ್ಲೆಲ್ಲ ಹೆಸರಾದದ್ದು ವಾಷಿಂಗ್ಟನ್ನಿನದು. 1952ರ ಜುಲೈ 19, ಶನಿವಾರ, ರಾತ್ರಿ 11 ಗಂಟೆ 40 ನಿಮಿಷಕ್ಕೆ ಅಲ್ಲಿನ ನ್ಯಾಷನಲ್ ವಿಮಾನ ನಿಲ್ದಾಣದ ರಾಡಾರ್ ಪರದೆಯಲ್ಲಿ ಏಳು ಚುಕ್ಕೆಗಳು ಮೂಡಿದವು. ಆ ದಾರಿಯಲ್ಲಿ ಯಾವ ವಿಮಾನವೂ ಇರಬೇಕಾಗಿರಲಿಲ್ಲ. ಸಮೀಪದ ಆಂಡ್ರೂಸ್ ವಾಯುನೆಲೆಯವರಿಗೂ ಬೆಳಕುಗಳು ಕಂಡವು. ಪಕ್ಕದ ಡೆಲವೇರ್ ರಾಜ್ಯದಿಂದ ಜೆಟ್ ವಿಮಾನಗಳು ಬಂದೊಡನೆ ಚುಕ್ಕೆಗಳು ಮಾಯವಾಗಿ, ಅವು ಹಿಂದಿರುಗಿದೊಡನೆ ಮತ್ತೆ ಹಾಜರಾದವು ಎಂದು ನಿಯಂತ್ರಕರು ಹೇಳಿದ್ದನ್ನು ಓದಿದಾಗ, ವೈದ್ಯರ ಮನೆಯ ಬಾಗಿಲು ತಟ್ಟಿದ ಕೂಡಲೇ ನಿಂತುಹೋಗುವ ನನ್ನ ಹಲ್ಲುನೋವು ನೆನಪಾಯಿತು. ಮುಂದಿನ ಶನಿವಾರವೂ ಅದೇ ಕಥೆ. ತಟ್ಟೆಗಳಿಗೂ ವಾರದ ರಜೆ ಇತ್ತೆಂದು ಕಾಣುತ್ತದೆ.

ಜುಲೈ 29ರಂದು ವಾಯುಪಡೆಯ ಮೇಜರ್ ಜನರಲ್ ಜಾನ್ ಸ್ಯಾಂಫರ್ಡ್ ಪತ್ರಿಕಾಗೋಷ್ಠಿ ಕರೆದು, ತಾಪದ ವಿಲೋಮವೇ ಇದಕ್ಕೆ ಕಾರಣವಿರಬಹುದೆಂದರು. ಹೆಸರು ಭಾರಿಯಾದರೂ ವಿಷಯ ನಮ್ಮ ಕಣ್ಣೆದುರಿನದೇ. ಪುಷ್ಯಮಾಸದ ಮುಂಜಾನೆ ಗುಬ್ಬಿಯ ಕಡೆಗೆ ಹೊರಟರೆ, ಒಲೆಯ ಹೊಗೆ ಮೇಲೇರದೆ ತೆಂಗಿನ ಮರಗಳ ಕುತ್ತಿಗೆಯ ಮಟ್ಟದಲ್ಲಿ ಹಾಸಿದ ಪಂಚೆಯಂತೆ ಅಡ್ಡಡ್ಡ ನಿಂತಿರುತ್ತದೆ. ರಾತ್ರಿಯೆಲ್ಲ ನೆಲ ತಣಿದು, ಕೆಳಗಿನ ಗಾಳಿ ಶೀತವಾಗಿ, ಅದರ ಮೇಲೊಂದು ಬೆಚ್ಚನೆಯ ಪದರ ಮುಚ್ಚಳದಂತೆ ಕುಳಿತಾಗ ಹೊಗೆಗೆ ಮೇಲೆ ದಾರಿ ಸಿಗುವುದಿಲ್ಲ. ಅಂಥದೇ ಮುಚ್ಚಳ ರಾಡಾರಿನ ಕಿರಣವನ್ನು ಬಗ್ಗಿಸಿ ನೆಲಕ್ಕೆ ಇಳಿಸಿದರೆ, ನೆಲದ ಮೇಲಿನ ವಸ್ತುಗಳೇ ಆಕಾಶದಲ್ಲಿರುವಂತೆ ಪರದೆಯ ಮೇಲೆ ಮೂಡುತ್ತವೆ. ರಾಡಾರಿನ ಮುಂದೆ ಕುಳಿತಿದ್ದವರು ಈ ವಿವರಣೆಯನ್ನು ಒಪ್ಪಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಒಪ್ಪುತ್ತಿರಲಿಲ್ಲ. ಇಡೀ ರಾತ್ರಿ ನಿದ್ದೆಗೆಟ್ಟವನಿಗೆ ಬೆಳಗ್ಗೆ "ಅದು ಬರೀ ಗಾಳಿ" ಎಂದರೆ ಸಿಟ್ಟು ಬಾರದೇ?

ಆಮೇಲಿನ ದಶಕಗಳಲ್ಲಿ ಬೇರೆ ರಾಜಧಾನಿಗಳ ಸರದಿ. 1976ರ ಸೆಪ್ಟೆಂಬರಿನಲ್ಲಿ ಟೆಹರಾನಿನ ಮೇಲೆ ಕಂಡ ಬೆಳಕಿನ ಬೆನ್ನುಹತ್ತಿದ ಫ್ಯಾಂಟಮ್ ವಿಮಾನದ ಉಪಕರಣಗಳು ಕೈಕೊಟ್ಟವೆಂದು ವರದಿಯಾಯಿತು. ಕಂಡದ್ದು ಗುರುಗ್ರಹವಿರಬೇಕೆಂದು ವಾದಿಸಿದವರೂ ಇದ್ದಾರೆ. 1990ರಲ್ಲಿ ಬೆಲ್ಜಿಯಂ ದೇಶಕ್ಕೆ ದೇಶವೇ ತ್ರಿಕೋನಾಕಾರದ ನೌಕೆಗಳ ಮಾತಾಡುತ್ತಿದ್ದಾಗ ಹೊರಬಂದ ಪ್ರಸಿದ್ಧ ಚಿತ್ರವೊಂದು ಎರಡು ದಶಕಗಳ ನಂತರ, 2011ರಲ್ಲಿ, ಅದನ್ನು ಮಾಡಿದವನ ಬಾಯಿಂದಲೇ ಬಣ್ಣ ಬಳಿದ ಥರ್ಮೋಕೋಲ್ ಎಂದು ಗೊತ್ತಾಯಿತು. ನಮ್ಮ ಬೀದಿಯ ಗಣೇಶನ ಮಂಟಪದವರು ಪ್ರತಿವರ್ಷ ಅದೇ ವಸ್ತುವಿನಲ್ಲಿ ಕೈಲಾಸವನ್ನೇ ಕಟ್ಟುತ್ತಾರೆ, ಒಂದು ದೇಶವನ್ನು ನಂಬಿಸುವ ಯೋಚನೆ ಅವರಿಗೆ ಬಂದಿಲ್ಲ. 1991ರ ಜುಲೈ 11ರ ಖಗ್ರಾಸ ಸೂರ್ಯಗ್ರಹಣದಂದು ಮೆಕ್ಸಿಕೋ ನಗರದ ಹಲವರು ಕ್ಯಾಮೆರಾದಲ್ಲಿ ಹಿಡಿದ ಹೊಳೆಯುವ ವಸ್ತು ಶುಕ್ರಗ್ರಹವೆಂಬುದು ಖಗೋಳಜ್ಞರ ಮಾತು.

ಶುಕ್ರ! ನಮ್ಮಜ್ಜಿಗೆ ಅದು ಬೆಳ್ಳಿ. "ಬೆಳ್ಳಿ ಮೂಡಿತು, ಏಳಿ" ಎಂದು ಕಣದಲ್ಲಿ ಮಲಗಿದವರನ್ನು ಎಬ್ಬಿಸುತ್ತಿದ್ದ ಆಕೆಗೆ, ಅದು ಗಾಡಿಯ ಜೊತೆಯಲ್ಲೇ ಓಡಿಬರುವುದೂ ಗೊತ್ತಿತ್ತು, ದಿಟ್ಟಿಸಿದರೆ ಕತ್ತಲಲ್ಲಿ ಅಲುಗಿದಂತೆ ಕಾಣುವುದೂ ಗೊತ್ತಿತ್ತು. ಯಾರಿಗೆ ದೂರು ಕೊಡಬೇಕೆಂಬುದು ಗೊತ್ತಿರಲಿಲ್ಲ, ಅಷ್ಟೇ. ಅಮೆರಿಕದ ವಾಯುಪಡೆ ಹಾರುವ ತಟ್ಟೆಗಳ ದೂರುಗಳನ್ನು ತನಿಖೆ ಮಾಡುತ್ತಿದ್ದ ತನ್ನ ಬ್ಲೂಬುಕ್ ಯೋಜನೆಯನ್ನು 1969ರಲ್ಲಿ ಮುಚ್ಚುವ ಹೊತ್ತಿಗೆ 12,618 ವರದಿಗಳನ್ನು ಪರಿಶೀಲಿಸಿ, 701ನ್ನು ಗುರುತು ಸಿಗದವೆಂದು ಉಳಿಸಿಕೊಂಡಿತು. ವರದಿ ಬರೆದುಕೊಳ್ಳಲು ಗುಮಾಸ್ತ, ಅಟ್ಟಿಸಿಕೊಂಡು ಹೋಗಲು ಜೆಟ್, ಮರುದಿನ ಅಚ್ಚುಹಾಕಲು ಪತ್ರಿಕೆ ಇವೆಲ್ಲ ಇರುವ ಊರಿಗೇ ತಟ್ಟೆ ಹೋಗಬೇಕಾದದ್ದು ನ್ಯಾಯ. ಮಧುಗಿರಿಯ ಬಂಡೆಯ ಮೇಲೆ ಅದು ಇಳಿದರೂ ಹೊಲದಲ್ಲಿದ್ದವನು ಕೊಳ್ಳಿದೆವ್ವವೆಂದು ಕಂಬಳಿ ಎಳೆದುಕೊಂಡಾನು.

ಹೀಗೆಂದುಕೊಂಡಿದ್ದಾಗಲೇ ಒಂದು ಸಂಜೆ, ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋದವನಿಗೆ, ಪಡುವಣದಿಂದ ದೀಪಗಳ ಸಾಲೊಂದು ಸದ್ದಿಲ್ಲದೆ ಏರಿ ಬರುವುದು ಕಾಣಿಸಿತು. ದಾರದಲ್ಲಿ ಪೋಣಿಸಿದಂತೆ, ಒಂದರ ಹಿಂದೊಂದು. ಇಪ್ಪತ್ತರವರೆಗೆ ಎಣಿಸಿ ತಪ್ಪಿದೆ. ಸ್ಟಾರ್‌ಲಿಂಕ್ ಉಪಗ್ರಹಗಳು ಉಡಾವಣೆಯಾದ ಹೊಸತರಲ್ಲಿ ಹೀಗೆ ಸಾಲಾಗಿ ಹೋಗುತ್ತವೆಂದು ಓದಿ ತಿಳಿದಿದ್ದರೂ ಕೈಯಲ್ಲಿದ್ದ ಪಂಚೆ ನೆಲಕ್ಕೆ ಬಿತ್ತು. ತಕ್ಷಣ ಬೆಂಗಳೂರಿನ ಭಾವಮೈದುನನಿಗೆ ಫೋನು ಮಾಡಿ, ನಿಮ್ಮ ಕಡೆಗೇ ಬರುತ್ತಿವೆ, ನೋಡು ಎಂದೆ. ಅವನು ಬಾಲ್ಕನಿಗೆ ಬಂದ. ಅಲ್ಲಿಂದ ಎದುರಿನ ಅಪಾರ್ಟ್‌ಮೆಂಟಿನ ಒಂಬತ್ತನೆಯ ಅಂತಸ್ತು ಕಾಣುತ್ತಿತ್ತಂತೆ, ಅದರ ಮೇಲೆ ಕಿತ್ತಳೆ ಬಣ್ಣದ ಮಂಕು. ಫೋಟೋ ಕಳಿಸು ಎಂದ.

ಕಳಿಸಿದೆ. ಅದರಲ್ಲಿ ದೀಪಗಳು ಬಂದಿರಲಿಲ್ಲ. ನೀರಿನ ಟ್ಯಾಂಕಿನ ಅಂಚು ಬಂದಿತ್ತು, ಮೇಲಿನ ಮೂಲೆಯಲ್ಲಿ ಕ್ಯಾಮೆರಾಕ್ಕೆ ಅಡ್ಡವಾದ ನನ್ನ ಹೆಬ್ಬೆರಳು ದುಂಡಗೆ, ಮಸುಕಾಗಿ, ಅಂಚಿನಲ್ಲಿ ತುಸು ಹೊಳೆಯುತ್ತ ನಿಂತಿತ್ತು. ಐದು ನಿಮಿಷದಲ್ಲಿ ಅವನ ಉತ್ತರ ಬಂತು: "ತಟ್ಟೆ ಚೆನ್ನಾಗಿ ಬಂದಿದೆ. ಆ ದೀಪಗಳೆಲ್ಲಿ?"