ಕಡಲಿಗೂ ಒಂದು ರಸಮಟ್ಟ

ಇದನ್ನು ಬರೆಯುವಾಗ ನನ್ನ ಬಾಗಿಲ ಬಳಿ ಒಂದೇ ಒಂದು ಚಪ್ಪಲಿ ಇದೆ. ಅದರ ಜೋಡಿ ನಿನ್ನೆ ಬೆಳಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಸಮುದ್ರದ ಪಾಲಾಯಿತು. ಅಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂತೀರಾ? ನಾನು ನೋಡಿಕೊಂಡಿರಲಿಲ್ಲ. ನೋಡಿಕೊಂಡವರು ಬೇರೆ ಇದ್ದಾರೆ. ಬರೆದೂ ಇಟ್ಟುಕೊಂಡಿದ್ದಾರೆ. ನನ್ನ ಹೊಟ್ಟೆಯುರಿ ಇರುವುದೇ ಅಲ್ಲಿ.

ಭಾನುವಾರ ಬೆಳಗ್ಗೆ ಏಳಕ್ಕೆ ಕಡಲ ತೀರದಲ್ಲಿ ಸ್ಕೆಚಿಂಗ್ ಮತ್ತು ಜಲವರ್ಣದ ಕ್ಲಾಸು ತೆಗೆದುಕೊಳ್ಳುವುದು ನನ್ನ ಕೆಲಸ. ಕೇಳಿದವರೆಲ್ಲ "ಎಂಥ ಅದೃಷ್ಟ ಮಾರಾಯ್ರೇ! ಸಮುದ್ರ, ಗಾಳಿ, ಬಣ್ಣ" ಅನ್ನುತ್ತಾರೆ. ಅವರ್ಯಾರೂ ಆ ಗಾಳಿಯಲ್ಲಿ ಹಾಳೆ ಹಿಡಿದುಕೊಂಡು ನಿಂತವರಲ್ಲ. ನಾಲ್ಕು ಮೂಲೆಗೆ ಕ್ಲಿಪ್ ಹಾಕಿದರೆ ಬೋರ್ಡಿನ ಸಮೇತ ಹಾರುತ್ತದೆ. ಕೊಡೆ ಬಿಚ್ಚಿದರೆ ಕೊಡೆಯ ಹಿಂದೆ ನಾವೂ ಹತ್ತು ಹೆಜ್ಜೆ. ಗಾಳಿ ನಿಂತಿತು ಅನ್ನಿ, ಆಗ ಬಣ್ಣ ಒಣಗುವುದೇ ಇಲ್ಲ. ಕಡಲ ಬದಿಯ ತೇವಕ್ಕೆ ಆಕಾಶ ಬಳಿದು ಅರ್ಧ ಗಂಟೆ ಕೂತರೂ ಅದು ಒದ್ದೆಯಾಗೇ ಇರುತ್ತದೆ. ತಾಳ್ಮೆ ಇಲ್ಲದವರು ಅದರ ಮೇಲೆ ಇನ್ನೊಂದು ಹನಿ ನೀರು ಬಿಟ್ಟು ಮೋಡದ ಜಾಗದಲ್ಲಿ ಹೂಕೋಸು ಬೆಳೆಸುತ್ತಾರೆ.

ಮರಳಂತೂ ಬಿಡಿ. ಮರಳಿನ ದೂರು ಬಂದಾಗಲೆಲ್ಲ ನಾನು ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆಯನ್ನು ಕರೆತರುತ್ತೇನೆ. 1870ರಲ್ಲಿ ಫ್ರಾನ್ಸಿನ ತ್ರೂವಿಲ್ ಬೀಚಿನಲ್ಲಿ ಕೂತು ಅವನು ಬರೆದ ಚಿತ್ರವೊಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಬಣ್ಣದೊಳಗೆ ಆವತ್ತಿನ ಮರಳಿನ ಕಣಗಳು ಇವತ್ತಿಗೂ ಅಂಟಿಕೊಂಡಿವೆ. ಇದನ್ನು ಕೇಳಿ ಎಲ್ಲರೂ ತಮ್ಮ ಹಾಳೆಯನ್ನು ಸ್ವಲ್ಪ ಗೌರವದಿಂದ ನೋಡಿಕೊಳ್ಳುತ್ತಾರೆ. ಅವನದು ಎಣ್ಣೆ ಬಣ್ಣ, ಮರಳನ್ನು ಹಿಡಿದಿಟ್ಟುಕೊಂಡಿತು. ನಮ್ಮ ನೀರು ಬಣ್ಣದಲ್ಲಿ ಅದು ಒಣಗಿದ ಮೇಲೆ ಉದುರಿ ಸಿಡುಬಿನ ಕಲೆ ಬಿಟ್ಟುಹೋಗುತ್ತದೆ ಅನ್ನುವ ಭಾಗವನ್ನು ನಾನು ಹೇಳಲು ಹೋಗುವುದಿಲ್ಲ.

ಇಷ್ಟೆಲ್ಲ ಸಹಿಸಿಕೊಂಡು ಬಂದವನಿಗೆ ಮೂರು ತಿಂಗಳ ಹಿಂದೆ ಒಬ್ಬ ಹೊಸ ಶಿಷ್ಯರು ಸಿಕ್ಕರು. ನಿವೃತ್ತ ಇಂಜಿನಿಯರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮೊದಲ ದಿನ ನಾನು ಎಲ್ಲರಿಗೂ ಹೇಳುವ ಪಾಠವನ್ನೇ ಹೇಳಿದೆ. ಕಡಲೂ ಬಾನೂ ಸೇರುವ ಗೆರೆ ಯಾವಾಗಲೂ ನಿಮ್ಮ ಕಣ್ಣಿನ ಮಟ್ಟದಲ್ಲೇ ಇರುತ್ತದೆ, ನೀವು ಕೂತರೆ ಅದೂ ಇಳಿಯುತ್ತದೆ, ಎದ್ದರೆ ಅದೂ ಏಳುತ್ತದೆ, ಆ ಗೆರೆ ಮಾತ್ರ ಓರೆಯಾಗಬಾರದು, ಓರೆಯಾದರೆ ಸಮುದ್ರವೆಲ್ಲ ಹಾಳೆಯ ಒಂದು ಕಡೆಯಿಂದ ಸೋರಿಹೋಗುತ್ತದೆ ಎಂದೆ. ಎಲ್ಲರೂ ನಕ್ಕರು. ಇವರು ನಗಲಿಲ್ಲ. ಚೀಲದಿಂದ ರಸಮಟ್ಟ ತೆಗೆದರು.

ಹೌದು, ರಸಮಟ್ಟ. ಗಾರೆ ಕೆಲಸದವರು ಗೋಡೆಗೆ ಇಟ್ಟು ನೋಡುತ್ತಾರಲ್ಲ, ನಡುವೆ ಗಾಳಿಗುಳ್ಳೆ ಓಡಾಡುತ್ತದಲ್ಲ, ಅದೇ. ತಮ್ಮ ಹಾಳೆಯ ಮೇಲಿಟ್ಟು ನೋಡಿದರು. ಸರಿಯಿತ್ತು. ಆಮೇಲೆ ಎದ್ದು ಬಂದು ನನ್ನ ಹಾಳೆಯ ಮೇಲೆ ಇಟ್ಟರು.

"ಮೇಷ್ಟ್ರೇ, ನಿಮ್ಮದು ಎಡಕ್ಕೆ ಎರಡು ಮಿಲಿಮೀಟರ್ ಇಳಿದಿದೆ."

ಇಳಿದಿತ್ತು. ಅದೇ ಬೇಜಾರು.

ಮುಂದಿನ ವಾರ ಲೆಕ್ಕ ಹಾಕಿಕೊಂಡು ಬಂದರು. "ನಿಂತರೆ ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರದವರೆಗೆ ಸಮುದ್ರ ಕಾಣತ್ತೆ. ನಿಮ್ಮ ಈ ಸ್ಟೂಲಿನ ಮೇಲೆ ಕೂತರೆ ಮೂರೂವರೆ. ಸುಮ್ನೆ ಒಂದು ಕಿಲೋಮೀಟರ್ ಸಮುದ್ರ ಕಳ್ಕೊಂಡ್ವಲ್ಲ ಮೇಷ್ಟ್ರೇ?" ಅಂದಿನಿಂದ ಅವರು ನಿಂತೇ ಬರೆಯುತ್ತಾರೆ. ಅವರ ಹಿಂದೆ ಕೂತವರಿಗೆ ಸಮುದ್ರವೇ ಕಾಣುವುದಿಲ್ಲ.

ರಸಮಟ್ಟವನ್ನಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ರಬ್ಬರ್. ಗೀಚುತ್ತಾರೆ, ಉಜ್ಜುತ್ತಾರೆ. ಅಳೆಯುತ್ತಾರೆ, ಉಜ್ಜುತ್ತಾರೆ. ಏನೂ ಗೀಚದೆಯೂ ಒಮ್ಮೆ ಉಜ್ಜಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಜಲವರ್ಣದ ಹಾಳೆಯ ಮೇಲೆ ತೆಳ್ಳಗೆ ಅಂಟು ಸವರಿರುತ್ತಾರೆ, ಬಣ್ಣ ಸ್ವಲ್ಪ ಹೊತ್ತು ಮೇಲೆ ನಿಲ್ಲಲಿ ಅಂತ. ಉಜ್ಜಿ ಉಜ್ಜಿ ಅದು ಹೋಯಿತೆಂದರೆ 300 ಜಿಎಸ್‌ಎಂನ ದಪ್ಪ ಹಾಳೆಯೂ ಒಂದೇ, ಶಾಯಿ ಹೀರುವ ಬ್ಲಾಟಿಂಗ್ ಪೇಪರೂ ಒಂದೇ. ಇದನ್ನು ವಾರಕ್ಕೊಮ್ಮೆ ಹೇಳುತ್ತೇನೆ. "ಸರಿ ಮೇಷ್ಟ್ರೇ" ಎನ್ನುತ್ತಾರೆ. ಎನ್ನುತ್ತಲೇ ಉಜ್ಜುತ್ತಾರೆ.

ಈಗ ನಿನ್ನೆಯ ವಿಷಯ. ಅದರ ಹಿಂದಿನ ಭಾನುವಾರ ಅಳಿವೆಯ ಬಾಯಿಯಲ್ಲಿ, ಬಂಡೆಗಳ ಕೆಳಗೆ ಗಟ್ಟಿ ಮರಳಿನ ಮೇಲೆ ಕೂತಿದ್ದೆವು. ಎದುರಿಗೆ ಲಂಗರು ಹಾಕಿದ ದೋಣಿಗಳ ಸಾಲು. ಅಷ್ಟು ಒಳ್ಳೆಯ ಜಾಗ ಸಿಕ್ಕಿದ್ದು ಇಳಿತ ಇದ್ದದ್ದಕ್ಕೆ. ನಾನೋ ಆ ಖುಷಿಯಲ್ಲಿ "ಮುಂದಿನ ವಾರವೂ ಇಲ್ಲೇ, ಇದೇ ಟೈಮಿಗೆ" ಅಂದುಬಿಟ್ಟೆ. ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಏಳು ದಿನಕ್ಕೆ ಹತ್ತಿರ ಹತ್ತಿರ ಆರು ಗಂಟೆ. ಅಂದರೆ ಈ ಭಾನುವಾರ ಇಳಿತ ಇದ್ದ ಹೊತ್ತಿಗೆ ಮುಂದಿನ ಭಾನುವಾರ ಉಬ್ಬರ. ಕಡಲ ಬದಿಯ ಚಿಕ್ಕ ಮಕ್ಕಳಿಗೂ ಗೊತ್ತಿರುವ ಲೆಕ್ಕ. ನನಗೂ ಗೊತ್ತು. ನಿನ್ನೆ ಬೆಳಗ್ಗೆ ಒಂದೂವರೆ ಗಂಟೆಯ ಮಟ್ಟಿಗೆ ಗೊತ್ತಿರಲಿಲ್ಲ, ಅಷ್ಟೆ.

ಜಾಗ ಸ್ವಲ್ಪ ಕಿರಿದಾಗಿದೆ ಅನ್ನಿಸಿತ್ತು. ಮೊದಲು ಪೆನ್ಸಿಲ್ಲಿನಲ್ಲಿ ದೋಣಿ ಗೀಚಿ ಅಂದೆ. ನಡುವೆ ಬಿಡುವು ಕೊಟ್ಟು, ಚಪ್ಪಲಿ ಬಿಟ್ಟು, ಸಮುದ್ರಕ್ಕೆ ಬೆನ್ನು ಮಾಡಿ ನಿಂತು, ಎರಡನೆಯ ಮೋನೆ ಕಥೆ ಶುರು ಮಾಡಿದೆ. 1885ರ ನವೆಂಬರಿನಲ್ಲಿ ಎತ್ರೆತಾ ಅನ್ನುವ ಕಡಲೂರಿನ ಬಂಡೆಯ ಕೆಳಗೆ ಅವನು ಮೈಮರೆತು ಚಿತ್ರ ಬರೆಯುತ್ತಿದ್ದಾಗ ದೊಡ್ಡ ಅಲೆಯೊಂದು ಬಂದು ಅವನನ್ನು ಬಂಡೆಗೆ ಅಪ್ಪಳಿಸಿ, ಚಿತ್ರ, ಸ್ಟ್ಯಾಂಡು ಎಲ್ಲವನ್ನೂ ಎಳೆದುಕೊಂಡು ಹೋದ ಕಥೆ. ನಾನು ಅದನ್ನು ಚೆನ್ನಾಗಿ ಹೇಳುತ್ತೇನೆ. ಕೈಯಲ್ಲಿ ಅಲೆ ಎಲ್ಲ ಮಾಡಿ ತೋರಿಸುತ್ತೇನೆ. ನಿನ್ನೆ ಯಾವತ್ತಿಗಿಂತ ಜಾಸ್ತಿ ನಗು ಬಂತು. ನನಗೂ ಹುರುಪು ಬಂತು. "ಪಾಪ, ತಿರುಗಿ ನೋಡುವಷ್ಟು ಬುದ್ಧಿ ಇರಲಿಲ್ಲ ನೋಡಿ ಅವನಿಗೆ" ಎಂದೆ.

ಮೊಣಕಾಲಿನವರೆಗೆ ಒದ್ದೆಯಾಯಿತು.

ಆಮೇಲಿನದ್ದು ಗಲಾಟೆ. ಸ್ಟೂಲು, ಬೋರ್ಡು, ಪ್ಯಾಲೆಟ್ ಎತ್ತಿಕೊಂಡು ಎಲ್ಲರೂ ಬಂಡೆ ಹತ್ತಿದರು. ಆ ತಳ್ಳಾಟದಲ್ಲಿ ನಾನು ಹೊತ್ತು ತಂದಿದ್ದ ಐದು ಲೀಟರ್ ಸಿಹಿನೀರಿನ ಕ್ಯಾನ್ ಉರುಳಿ ಖಾಲಿಯಾಯಿತು. ಬಲಗಾಲಿನದೋ ಎಡಗಾಲಿನದೋ ಒಂದು ಚಪ್ಪಲಿ ಅಲೆಯ ಮೇಲೆ ಕೂತು ಹೊರಟಿತು, ಟಾಟಾ ಮಾಡುವಂತೆ ಎರಡು ಸಲ ಮೇಲೆ ಕೆಳಗೆ ಆಯಿತು, ಹೋಯಿತು. ನಮ್ಮ ಇಂಜಿನಿಯರು ಮಾತ್ರ ಆಗಲೇ ಬಂಡೆಯ ಮೇಲೆ, ಒಣಗಿದ ಪ್ಯಾಂಟಿನಲ್ಲಿ ನಿಂತಿದ್ದರು. ಕೈಯಲ್ಲಿ ಉಬ್ಬರ ಇಳಿತದ ಪಟ್ಟಿಯ ಪ್ರಿಂಟ್‌ಔಟ್. ವಾಚು ನೋಡಿ ಅದರಲ್ಲಿ ಏನೋ ಗುರುತು ಹಾಕಿಕೊಂಡರು.

"ಎಂಟೂ ಇಪ್ಪತ್ತು. ಪೂರ್ತಿ ಉಬ್ಬರಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ ಮೇಷ್ಟ್ರೇ."

"ಸರ್, ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಶನಿವಾರವೇ ನೋಡಿದ್ದೆ."

"ಮತ್ತೆ ಹೇಳೋದಲ್ವಾ?"

"ನೀವು ಮೇಷ್ಟ್ರು. ನಿಮಗೆ ಗೊತ್ತಿಲ್ಲದೆ ಇರತ್ತಾ? ಮೋನೆ ಕಥೆಗೆ ಪ್ರಾಕ್ಟಿಕಲ್ ಇಟ್ಟಿದ್ದೀರಿ ಅಂದ್ಕೊಂಡೆ."

ಇದಕ್ಕೆ ಏನು ಉತ್ತರ ಕೊಡುವುದು, ನೀವೇ ಹೇಳಿ.

ಬಂಡೆಯ ಮೇಲೆ ಕೂತು ದೋಣಿಗಳನ್ನು ಮುಂದುವರಿಸಿದೆವು. ಅಂದರೆ ಉಳಿದವರು ಮುಂದುವರಿಸಿದರು. ಇಂಜಿನಿಯರ ಹಾಳೆಯ ನಡುವಿಗೆ ಅಲೆಯ ಹನಿ ಬಿದ್ದು ಒದ್ದೆಯಾಗಿತ್ತು. ಆದರೂ ದೋಣಿ ಮಾತ್ರ ಚೆನ್ನಾಗೇ ಬಂದಿತ್ತು, ಮೂತಿ ಕಡಲಿನ ಕಡೆಗೆ. ಅಷ್ಟರಲ್ಲಿ ಉಬ್ಬರ ಮುಗಿದು ನೀರು ವಾಪಸು ಹರಿಯತೊಡಗಿತು. ಒಂದೇ ಲಂಗರಿನ ದೋಣಿಗಳು ನೀರು ಬರುವ ಕಡೆಗೆ ಮೂತಿ ಮಾಡಿ ನಿಲ್ಲುತ್ತವೆ. ನೀರು ತಿರುಗಿದರೆ ಅವೂ ತಿರುಗುತ್ತವೆ. ಹಸುಗಳು ಕೊಟ್ಟಿಗೆಯ ಕಡೆ ತಿರುಗುವಂತೆ, ನಿಧಾನವಾಗಿ, ಒಂದರ ಹಿಂದೆ ಒಂದು.

"ಮೇಷ್ಟ್ರೇ, ದೋಣಿ ಓರೆಯಾಯ್ತು."

"ಬಿಡಿ ಸರ್, ಮೊದಲು ಹೇಗಿತ್ತೋ ಹಾಗೇ ಇರಲಿ."

ಉಜ್ಜಿದರು. ಓರೆಯಾಗಿ ಬರೆದರು. ಆ ಹೊತ್ತಿಗೆ ದೋಣಿ ಪೂರ್ತಿ ಅಡ್ಡ ನಿಂತಿತ್ತು. ಉಜ್ಜಿದರು. ಅಡ್ಡ ಬರೆದರು. ದೋಣಿ ನಮಗೆ ಬೆನ್ನು ತೋರಿಸಿತು. ಉಜ್ಜಿದರು. ಒದ್ದೆ ಹಾಳೆಯಿಂದ ಶ್ಯಾವಿಗೆಯಂತೆ ಎಳೆಗಳು ಏಳತೊಡಗಿದವು. ರಬ್ಬರ್ ಸಾಲದೆ ಬ್ಲೇಡ್ ತೆಗೆದರು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ, ದೋಣಿ ಇದ್ದ ಜಾಗದಲ್ಲಿ ಒಂದು ತೂತು.

ಮನಸ್ಸಿನೊಳಗೆ ನನಗೆ ಖುಷಿಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಆ ಮನುಷ್ಯ ನಿಲ್ಲಿಸಬೇಕಲ್ಲ! ಸಿಹಿನೀರು ಇಲ್ಲದೆ ಉಳಿದವರೆಲ್ಲ ಪೆನ್ಸಿಲ್ಲಿನಲ್ಲೇ ನೆರಳು ತುಂಬುತ್ತಿದ್ದರೆ, ಇವರು ಡಬ್ಬಿಯಲ್ಲಿ ಸಮುದ್ರದ ನೀರನ್ನೇ ಮೊಗೆದು ತಂದರು. ಉಪ್ಪು ನೀರಿನಲ್ಲಿ ಬ್ರಶ್ ಹಾಳಾಗುತ್ತದೆ, ಉಪ್ಪು ಹಾಳೆಯಲ್ಲೇ ಉಳಿದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಬಣ್ಣ ಒಣಗುವುದೇ ಇಲ್ಲ ಎಂದೆ. "ಲೀಟರಿಗೆ 35 ಗ್ರಾಂ ಉಪ್ಪು. ಅಂಥಾ ಜಾಸ್ತಿ ಏನಲ್ಲ" ಅಂದರು. ದೊಡ್ಡ ಬ್ರಶ್ಶಿನಲ್ಲಿ ಅಲ್ಟ್ರಾಮರೀನ್ ನೀಲಿ ತುಂಬಿ, ಆ ತೂತನ್ನು ಸುತ್ತಿ, ಮೇಲಿನಿಂದ ಕೆಳಗೆ ಒಂದೇ ಸಲಕ್ಕೆ ಎಳೆದುಬಿಟ್ಟರು. ರಸಮಟ್ಟ ಇಡಲಿಲ್ಲ, ರಬ್ಬರ್ ಹಿಡಿಯಲಿಲ್ಲ. ಮೂರು ತಿಂಗಳಿಂದ ನಾನು ಬಡಿದುಕೊಳ್ಳುತ್ತಿದ್ದದ್ದು ಅದನ್ನೇ. ಬಣ್ಣ ಉಪ್ಪಿನ ಜೊತೆ ಸೇರಿ ಕಣಕಣವಾಗಿ ಇಳಿಯಿತು. ನೀರು ಥೇಟ್ ನೀರಿನ ಹಾಗೆ ಕಂಡಿತು.

ಆಮೇಲೆ ಹಾಳೆಯನ್ನು ಎತ್ತಿ ಸಮುದ್ರದ ಎದುರಿಗೆ ಹಿಡಿದರು. ಆ ತೂತಿನಲ್ಲಿ ನಿಜವಾದ ದೋಣಿ ಬಂದು ಕೂತಿತು. ನೀಲಿ ನೀರಿನ ನಡುವೆ, ಮೆಲ್ಲಗೆ ಅಲ್ಲಾಡುತ್ತ.

"ಈಗ ಯಾವ ಕಡೆ ಬೇಕಾದ್ರೂ ತಿರುಗ್ಲಿ" ಅಂದರು.

ಕ್ಲಾಸಿಗೆ ಕ್ಲಾಸೇ ಸಾಲು ನಿಂತು ಒಬ್ಬೊಬ್ಬರಾಗಿ ಆ ತೂತಿನಲ್ಲಿ ನೋಡಿತು. ಫೋಟೋ ತೆಗೆದುಕೊಂಡಿತು. ವಾಕಿಂಗ್ ಬಂದವರೂ ಸಾಲಿಗೆ ಸೇರಿಕೊಂಡರು. "ಇದನ್ನು ಹೇಳಿಕೊಟ್ಟವರು ಯಾರು?" ಎಂದು ಒಬ್ಬರು ಕೇಳಿದಾಗ ಇಂಜಿನಿಯರು ನನ್ನ ಕಡೆ ಕೈ ತೋರಿಸಿದರು. ಬರಿಗಾಲಲ್ಲಿ, ಒಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಾನು ನಮಸ್ಕಾರ ಮಾಡಿದೆ.

ಮನೆಗೆ ಬಂದು ನನ್ನ ಸ್ಕೆಚ್ ಪುಸ್ತಕ ತೆಗೆದೆ. ಯಾಕೆ ತೆಗೆದೆನೋ. ಕ್ಲಾಸು ಶುರು ಮಾಡಿದ ಮೇಲೆ ಅದರಲ್ಲಿ ನಾನು ಪೂರ್ತಿ ಮುಗಿಸಿದ ಚಿತ್ರ ಒಂದೂ ಇಲ್ಲ. ಅರ್ಧ ಬಂಡೆ, ಕಾಲು ದೋಣಿ, "ಹೀಗೆ ಎಳೀಬೇಕು ನೋಡಿ" ಅಂತ ತೋರಿಸಿ ಬಿಟ್ಟ ಅಲೆ. ನಾನು ಮುಗಿಸಿದ ಆಕಾಶಗಳೆಲ್ಲ ಶಿಷ್ಯರ ಹಾಳೆಗಳ ಮೇಲಿವೆ. "ಇದೊಂಚೂರು ನೀವೇ ಸರಿ ಮಾಡಿಕೊಡಿ ಮೇಷ್ಟ್ರೇ" ಅಂದಾಗ ಮಾಡಿಕೊಟ್ಟವು. ಯಾರ್ಯಾರದೋ ಗೋಡೆಯ ಮೇಲೆ, ಯಾರ್ಯಾರದೋ ಸಹಿಯ ಜೊತೆ ನೇತಾಡುತ್ತಿವೆ. ಕೆಲವು ಒಳ್ಳೆಯ ಆಕಾಶಗಳು, ನಿಜವಾಗ್ಲೂ. ಸಮುದ್ರವನ್ನು ಎದುರಿಗೆ ಕೂತು ಸುಮ್ನೆ ನೋಡಿ ಎಷ್ಟು ದಿನವಾಯಿತೋ. ಈಗೀಗ ನಾನು ಅದಕ್ಕೆ ಬೆನ್ನು ಮಾಡಿ ನಿಲ್ಲುವುದೇ ಜಾಸ್ತಿ.

ರಾತ್ರಿ ಹತ್ತಕ್ಕೆ ಫೋನಿಗೆ ಮೆಸೇಜು ಬಂತು. "ಮೇಷ್ಟ್ರೇ, ಚಿತ್ರ ಇನ್ನೂ ಒಣಗಿಲ್ಲ. ನೀವು ಹೇಳಿದ್ದು ಸರಿ." ಓದಿ ಸ್ವಲ್ಪ ಸಮಾಧಾನವಾಯಿತು. ಎರಡು ನಿಮಿಷ ಬಿಟ್ಟು ಇನ್ನೊಂದು: "ಮುಂದಿನ ಭಾನುವಾರ ಎಂಟೂ ಇಪ್ಪತ್ತರ ಸುಮಾರಿಗೆ ಇಳಿತ. ಹಳೇ ಜಾಗದಲ್ಲೇ ಧೈರ್ಯವಾಗಿ ಕೂರಬಹುದು." ಅದಕ್ಕೊಂದು ಹೆಬ್ಬೆರಳು ಒತ್ತಿ ಮಲಗಿದೆ.

ಇವತ್ತು ಬೆಳಗ್ಗೆ ಎದ್ದು ನೋಡಿದರೆ ಮೂರನೆಯದು ಬಂದು ಕೂತಿದೆ. ವಾಕಿಂಗ್ ಹೋಗಿದ್ದರಂತೆ. ಬಂಡೆಯ ಸಂದಿಯಲ್ಲಿ ಮೂರು ಚಪ್ಪಲಿ ಸಿಕ್ಕಿವೆಯಂತೆ, ಮೂರೂ ಒಂದೇ ಬಣ್ಣದವು, ಫೋಟೋ ಬೇರೆ ಇದೆ. ಪಕ್ಕದಲ್ಲಿ ಅಳತೆಗೆ ರಸಮಟ್ಟ ಇಟ್ಟಿದ್ದಾರೆ.

"ಹೋಗಿದ್ದು ಎಡದ್ದಾ, ಬಲದ್ದಾ?"